ಗೋಡೆಯ ಮೇಲಿನ ನನ್ನ ಅರ್ಜಿ

ಮಿತ್ರರೇ, ತಮ್ಮಲ್ಲಿ ನಿವೇದಿಸಿಕೊಳ್ಳುವುದೇನೆಂದರೆ, ವಿಡಿಯೊ ಗೇಮ್ ಆಡುತ್ತಲೇ ನೇರಪ್ರಸಾರ ಮಾಡಿ ಹೆಸರಾದ ನನ್ನ ತಮ್ಮನ ಮಗಳು ಇಂದು ರಾಯಚೂರಿನಲ್ಲಿ ಸ್ವಂತ ಮಾಧ್ಯಮ ಕಂಪನಿ ತೆರೆದಳು. ಸ್ಟುಡಿಯೊ ಗೋಡೆಯ ಮೇಲೆ ಕಟ್ಟು ಹಾಕಿಸಿದ ಹಳೆಯ ಅರ್ಜಿಯೊಂದರ ಪ್ರತಿಯಿತ್ತು: 'ಹುಡುಗಿ ಹಾಳಾಗುತ್ತಿರುವ ಕಾರಣ ಮನೆಯ ಇಂಟರ್‌ನೆಟ್ ಸಂಪರ್ಕ ಕಡಿತಗೊಳಿಸಬೇಕಾಗಿ ವಿನಂತಿ.' ತಮ್ಮನ ಪರವಾಗಿ ಬರೆದವನು ನಾನೇ.

"ಇದನ್ನ್ಯಾಕ ಇಟ್ಟೀಯವ್ವಾ?" ಎಂದೆ.

"ಲೈನ್ ಕಟ್ಟಾದ ಮ್ಯಾಲ ಎರಡು ವರ್ಷ ದೇವದುರ್ಗದಿಂದ ಗಬ್ಬೂರಿಗೆ ಬಸ್ಸಿನ್ಯಾಗ ಹೋಗಿ ಗೆಳತಿ ಮನ್ಯಾಗ ಆಡೀನ್ರಿ ದೊಡ್ಡಪ್ಪಾ. ಅಕ್ಷರ ಮಾತ್ರ ಮುತ್ತಿನಂಗ ಅದಾವ ಬಿಡ್ರಿ."

ನನ್ನ ಅಕ್ಷರದ ಹೊಗಳಿಕೆಗೆ ಮೊದಲ ಬಾರಿ ತಲೆ ತಗ್ಗಿಸಿದೆ.

ತಹಶೀಲ್ ಕಚೇರಿಯ ಮುಂದೆ ಕುಳಿತು ಜೀವಮಾನವೆಲ್ಲ ಪರರ ಅರ್ಜಿ ಬರೆದೆ. ಬಹುತೇಕ ಕಡತದಲ್ಲೇ ಉಳಿದವು. ಕೊಟ್ಟ ಮರುದಿನವೇ ಮಂಜೂರಾದದ್ದು ಇದೊಂದೇ.