ಎಡಗಡೆಯ ಸೀಟು

ನಮ್ಮ ದೊಡ್ಡಪ್ಪ ಕೊಳ್ಳೇಗಾಲದಲ್ಲಿ ಬಸ್ ಏಜೆಂಟರಾಗಿದ್ದರು. ಹನೂರು, ಕಾಮಗೆರೆ, ಯಳಂದೂರಿನ ಕಡೆಗೆ ಹೋಗುವ ಬಸ್ಸುಗಳು ಅವರ ಸೀಟಿ ಕೇಳದೆ ಹೊರಡುತ್ತಿರಲಿಲ್ಲ. ಅಪ್ಪ ತೀರಿಕೊಂಡ ಮೇಲೆ ನನ್ನನ್ನು ಓದಿಸಿದವರು ಅವರೇ. ನನ್ನ ವಿಮಾನದ ಕೆಲಸವನ್ನೂ ಅವರು ಬಸ್ಸಿನ ಅಳತೆಯಲ್ಲೇ ನೋಡಿದರು.

ಬಸ್ಸಿನಲ್ಲಿ ಡ್ರೈವರು ಬಲಗಡೆ, ಕ್ಲೀನರು ಎಡಗಡೆ. ಮುಂಜಾನೆ ಹ್ಯಾಂಡಲ್ ತಿರುಗಿಸಿ ಎಂಜಿನ್ ಎಬ್ಬಿಸುವುದು ಕ್ಲೀನರ ಪಾಲು. ಯುದ್ಧದ ಕಾಲದಲ್ಲಿ ಬಸ್ಸು ಇದ್ದಿಲಿನ ಗ್ಯಾಸಿನಲ್ಲಿ ಓಡುತ್ತಿದ್ದಾಗ ಅದಕ್ಕೆ ಗಾಳಿ ಹಾಕುತ್ತಿದ್ದವನೂ ಅವನೇ. ಹನೂರು ದಾರಿಯ ಏರಿನಲ್ಲಿ ಬಸ್ಸು ಉಸಿರುಗಟ್ಟಿ ನಿಂತರೆ ಹಾರಿ ಇಳಿದು ಚಕ್ರದ ಹಿಂದೆ ಕಲ್ಲಿಡಬೇಕು. ಡ್ರೈವರಿಗೆ ಹೋಟೆಲಿನವರು ಕರೆದು ಕಾಫಿ ಕೊಡುತ್ತಿದ್ದರು. ಕ್ಲೀನರನ್ನು ಯಾರೂ ಕರೆಯುತ್ತಿರಲಿಲ್ಲ.

ಯುದ್ಧ ಮುಗಿದ ಮೇಲೆ, ಸೈನ್ಯಕ್ಕೆ ಬೇಡವಾದ ಡಕೋಟಾ ವಿಮಾನಗಳನ್ನು ಕೊಂಡು ಎಷ್ಟೋ ಹೊಸ ಕಂಪನಿಗಳು ಹುಟ್ಟಿಕೊಂಡವು. ಅಂಥ ಒಂದು ಕಂಪನಿಯ ಹಿರಿಯ ಪೈಲಟ್ ಮದರಾಸಿನಲ್ಲಿ ನನ್ನನ್ನು ಪರೀಕ್ಷೆ ಮಾಡಿದರು. ಲೈಸೆನ್ಸ್ ನೋಡಿ ಪಕ್ಕಕ್ಕಿಟ್ಟು, ವಿಮಾನವನ್ನು ಒಂದು ಸುತ್ತು ಬಂದು ತಪಾಸಣೆ ಮಾಡು ಎಂದರು. ನಾನು ಮಠದ ಹಾಸ್ಟೆಲಿನಲ್ಲಿ ಬೆಳೆದವನು. ಅಲ್ಲಿ ಹಾಸಿಗೆ ಸುತ್ತುವುದಕ್ಕೂ ಒಂದು ಕ್ರಮವಿತ್ತು. ಅದೇ ಅಭ್ಯಾಸದಲ್ಲಿ ಚಕ್ರ, ರೆಕ್ಕೆ, ಬಾಲ ಎಂದು ಒಂದೇ ದಿಕ್ಕಿನಲ್ಲಿ ಮುಟ್ಟಿ ನೋಡುತ್ತ ನಡೆದೆ. ಒಂದು ರೆಕ್ಕೆಯ ನಡುವಿನಲ್ಲಿದ್ದಾಗ ಅವರು ಬೇಕೆಂದೇ ನನ್ನನ್ನು ಮಾತಿಗೆಳೆದು ಊರಿನ ಸುದ್ದಿ ಕೇಳಿದರು. ಉತ್ತರ ಹೇಳಿ, ಆ ರೆಕ್ಕೆಯನ್ನು ಮತ್ತೆ ಬುಡದಿಂದ ನೋಡಿಕೊಂಡು ಬಂದೆ. "ಸೋಮವಾರ ಬಾ" ಎಂದರು. ನನಗೆ ಕೆಲಸ ಸಿಕ್ಕಿದ್ದು ಹಾಗೆ.

ಊರಿಗೆ ಬಂದು, ನಾನೀಗ ಎರಡನೆಯ ಪೈಲಟ್ ಎಂದು ಹೇಳಿದೆ. ದೊಡ್ಡಪ್ಪನಿಗೆ ಅದು ತಲೆಗೆ ಹೋಗಲಿಲ್ಲ.

"ಅದೆಲ್ಲ ಇರ್ಲಿ ಕಣ್ಲಾ. ಮುಂದ್ಗಡೆ ಇಬ್ರು ಕೂತ್ಕತೀರಲ್ಲ, ನೀನ್ ಯಾವ್ ಕಡೆ?"

"ಬಲಗಡೆ, ದೊಡ್ಡಪ್ಪ."

ಅವರಿಗೆ ಅಷ್ಟು ಸಾಕಾಯಿತು. ವಿಮಾನದಲ್ಲಿ ಕ್ಯಾಪ್ಟನ್ ಕೂರುವುದು ಎಡಗಡೆ. ಬಲಗಡೆಯದು ಎರಡನೆಯವನ ಜಾಗ. ಇದನ್ನು ಬಿಡಿಸಿ ಹೇಳಬೇಕೆಂದು ನನಗೆ ಹೊಳೆಯಲಿಲ್ಲ. ಇತ್ತ ಬಸ್ ನಿಲ್ದಾಣಕ್ಕೆಲ್ಲ ನಾನು ವಿಮಾನದ ಡ್ರೈವರಾಗಿಬಿಟ್ಟೆ.

ಆ ಹೆಸರಿನ ಮೇಲೆಯೇ ಯಳಂದೂರಿನಿಂದ ಸಂಬಂಧ ಬಂತು. ಹುಡುಗಿಯ ತಂದೆ ಬೆಲ್ಲದ ವ್ಯಾಪಾರಿ, ಗದ್ದೆಯೂ ಇತ್ತು. ನೋಡಲು ಹೋದಾಗ ಹುಡುಗಿ ತಟ್ಟೆ ಇಟ್ಟು, ತಲೆಯೆತ್ತಿ ನನ್ನನ್ನು ನೇರವಾಗಿ ನೋಡಿ ಒಳಗೆ ಹೋದಳು. ಮದುವೆಯಾದರೆ ಇವಳನ್ನೇ ಎಂದು ನಾನು ಅಲ್ಲಿಯೇ ತೀರ್ಮಾನಿಸಿಬಿಟ್ಟೆ.

ವೀಳ್ಯ ಬದಲಾಯಿಸುವ ಮೊದಲು ಕಂಪನಿಯ ಸೂಚನೆ ಬಂತು. ಹಲವು ಊರುಗಳಲ್ಲಿ ಕ್ಯಾಪ್ಟನ್ ಜಾಗಗಳು ಖಾಲಿಯಾಗಿದ್ದವು. ಯಾರಿಗೆ ಯಾವ ಊರು ಬೇಕೋ ಬರೆದು ಕೊಡಬೇಕು. ಮೊದಲು ಸೇರಿದವನ ಇಷ್ಟ ಮೊದಲು, ಕೊನೆಯವನಿಗೆ ಉಳಿದದ್ದು. ಬೆಂಗಳೂರು, ಮದರಾಸು ನನ್ನವರೆಗೆ ಬರುವಂತಿರಲಿಲ್ಲ. ನನಗೆ ಉಳಿಯುತ್ತಿದ್ದುದು ಅಸ್ಸಾಂ. ಅಲ್ಲಿ ಜನರಿಗಿಂತ ಅಕ್ಕಿ ಉಪ್ಪಿನ ಮೂಟೆಗಳನ್ನೇ ಹೆಚ್ಚಾಗಿ ಸಾಗಿಸಬೇಕಿತ್ತು. ಬೇಡವೆಂದರೆ ಆಗ ನಾನಿದ್ದ ಬೆಂಗಳೂರಿನಲ್ಲೇ ಬಲಗಡೆ ಇರಬಹುದಿತ್ತು. ಅಲ್ಲಿ ಎರಡನೆಯವರಲ್ಲೆಲ್ಲ ನಾನೇ ಹಿರಿಯ. ಬೇಕಾದ ಸರದಿ ನನ್ನದು, ಹಬ್ಬಕ್ಕೆ ರಜೆ ನನ್ನದು, ಶನಿವಾರ ಕೊಳ್ಳೇಗಾಲದ ಬಸ್ಸೂ ಸಿಗುತ್ತಿತ್ತು. ಆದರೆ ನನ್ನ ಹಿಂದಿನವನು ಅಸ್ಸಾಮಿಗೆ ಒಪ್ಪಿದರೆ ಕ್ಯಾಪ್ಟನ್ನರ ಸಾಲಿನಲ್ಲಿ ಅವನು ಮುಂದು, ನಿವೃತ್ತಿಯವರೆಗೂ ಮುಂದು. ಕಿರಿಯರಲ್ಲಿ ಹಿರಿಯನಾಗಿರುವುದೋ, ಹಿರಿಯರಲ್ಲಿ ಕಿರಿಯನಾಗುವುದೋ? ನನ್ನ ಮನಸ್ಸು ಎಡಗಡೆಗೇ ಇತ್ತು. ಯಳಂದೂರಿನವರು ಏನನ್ನುತ್ತಾರೋ ಗೊತ್ತಿರಲಿಲ್ಲ. ಬೇಗ ತಂತಿ ಕೊಡಬೇಕಿತ್ತು. ಎರಡು ದಿನದ ರಜೆ ಹಾಕಿ ಊರಿಗೆ ಬಂದೆ.

"ದೊಡ್ಡಪ್ಪ, ನನ್ನನ್ನ ಎಡಗಡೆಗೆ ಹಾಕ್ತಾರಂತೆ."

ದೊಡ್ಡಪ್ಪ ಎಲೆಗೆ ಸುಣ್ಣ ಹಚ್ಚುತ್ತಿದ್ದವರು ನಿಲ್ಲಿಸಿದರು. "ಎಡಗಡೆಗಾ? ಏನ್ಲಾ ಮಾಡ್ಕಂಡೆ? ಎಲ್ಲಾರ ಗುದ್ದುಬುಟ್ಟಾ?"

"ಗುದ್ದಿಲ್ಲ ದೊಡ್ಡಪ್ಪ. ಇದು ಬಡ್ತಿ."

"ಡ್ರೈವರ್ನ ಕ್ಲೀನರ್ ಮಾಡೋದು ಯಾವೂರ್ ಬಡ್ತಿಲಾ?"

ಆಗ ನನಗೆ ಎಲ್ಲ ಅರ್ಥವಾಯಿತು. ಕೂರಿಸಿಕೊಂಡು ವಿವರಿಸಿದೆ. ಎಲ್ಲ ಕೇಳಿ ಅವರು ತಲೆಯ ಮೇಲೆ ಕೈಯಿಟ್ಟುಕೊಂಡರು. "ಅಯ್ಯೋ ಶಿವ್ನೆ, ನಾನು ಯಳಂದೂರ್ನೋರ್ಗೆ ಎದೆ ತಟ್ಕಂಡು ಯೋಳಿವ್ನಲ್ಲೋ, ನಮ್ಮೈದ ಬಲಗಡೆ ಕೂತ್ಕತಾನೆ ಅಂತ!"

ಮಧ್ಯಾಹ್ನದ ಬಸ್ಸಿಗೆ ಇಬ್ಬರೂ ಯಳಂದೂರಿಗೆ ಹೋದೆವು. ಜಗಲಿಯ ಮೇಲೆ ಚಾಪೆ ಹಾಸಿದರು. ಬಾಗಿಲ ಬಳಿ ಹುಡುಗಿಯ ಅಜ್ಜಿ ಕುಳಿತಿದ್ದರು. ಬಾಗಿಲ ಹಿಂದೆ ಬಳೆಯ ಸದ್ದಾಗುತ್ತಿತ್ತು. ನಾನು ಸುತ್ತಿ ಬಳಸದೆ ವಿಷಯ ಹೇಳಿದೆ.

"ಅಂದ್ರೆ ಇಲ್ಲೀಗಂಟ ನೀವು ಕ್ಲೀನರ್ರೇ ಅನ್ನಿ" ಎಂದರು ಹುಡುಗಿಯ ತಂದೆ.

"ಕ್ಲೀನರ್ ಅಲ್ಲ ಕಣ್ರಿ. ನಾನೂ ಓಡಿಸ್ತೀನಿ. ಜವಾಬ್ದಾರಿ ಮಾತ್ರ ಅವರ್ದು."

"ಜವಾಬ್ದಾರಿ ಇಲ್ದೋರ್ಗೆ ಎಣ್ ಕೊಡೋದೆಂಗೆ?"

ದೊಡ್ಡಪ್ಪ ಮುಂದೆ ಜರುಗಿದರು. "ಅದೇ ಯಜಮಾನ್ರೆ, ಈಗ ಬತ್ತಾ ಅದಲ್ಲ ಜವಾಬ್ದಾರಿ! ಎಡಗಡೆ ಸಿಕ್ತು ಅವನ್ಗೆ. ನಿಜವಾದ ಡ್ರೈವರ್ರು ಅಲ್ಲೇ ಕೂತ್ಕಳೋದಂತೆ."

"ಎಲ್ಲಿ ಕೆಲ್ಸ?"

"ಅಸ್ಸಾಮಿನಲ್ಲಿ" ಎಂದೆ.

"ಅದೆಲ್ಲಿ ಬತ್ತದೆ?"

"ಕಲ್ಕತ್ತಕ್ಕಿಂತ ಆಚೆ."

ಅವರು ಅಂಗಳದ ಕಡೆ ಒಮ್ಮೆ ನೋಡಿದರು. ಆಮೇಲೆ, "ಹಂಗಾದ್ರೆ ನೀವು ಬಲಗಡೆನೇ ಇದ್ಬುಡಿ. ಅಸ್ಸಾಮಿನ್ ಡ್ರೈವರ್ಗಿಂತ ಬೆಂಗಳೂರ್ ಕ್ಲೀನರ್ರೇ ವಾಸಿ" ಎಂದರು.

ದೊಡ್ಡಪ್ಪ ನನ್ನ ತೊಡೆ ಚಿವುಟಿದರು, ಒಪ್ಪಿಕೋ ಎಂದು. ಒಪ್ಪಿಕೊಂಡಿದ್ದರೆ ವೀಳ್ಯ ಅಂದೇ ಆಗುತ್ತಿತ್ತು. "ಇಲ್ಲ, ನಾನು ಅಸ್ಸಾಮಿಗೇ ಬರೆದು ಕೊಡ್ತೀನಿ. ಈಗ ಬಿಟ್ರೆ ಹಿಂದಿರೋರು ಮುಂದಾಗ್ತಾರೆ. ಆಮೇಲೆ ಜೀವನವೆಲ್ಲ ಅವರ ಹಿಂದೇನೇ" ಎಂದೆ. ಏಳಲು ಹೆಗಲ ಮೇಲಿನ ವಲ್ಲಿ ಸರಿಮಾಡಿಕೊಂಡೆ.

ಬಾಗಿಲ ಹಿಂದಿನಿಂದ ದನಿ ಬಂತು. "ಅಜ್ಜಿ, ಅಲ್ಲಿ ರಾಗಿ ಸಿಕ್ಕದಾ ಕೇಳು."

ಅಜ್ಜಿ ನನ್ನ ಕಡೆ ತಿರುಗಿದರು. "ರಾಗಿ ಸಿಕ್ಕದಾ ಅಂತಾವ್ಳೆ."

"ಸಿಕ್ಕಲ್ಲ. ಬರೀ ಅಕ್ಕಿ."

"ಎಷ್ಟ್ ದಿನ ಇರ್ಬೇಕಂತೆ, ಕೇಳಜ್ಜಿ."

ಅಜ್ಜಿ ಕೇಳುವ ಮೊದಲೇ ಹೇಳಿದೆ, "ಬೆಂಗಳೂರಲ್ಲಿ ಜಾಗ ಖಾಲಿಯಾಗಿ, ನನ್ನ ಮುಂದಿರೋರೆಲ್ಲ ಬೇಡ ಅನ್ನೋಗಂಟ."

"ಅವ್ರು ಬ್ಯಾಡ ಅನ್ದೇ ಇದ್ರೆ?"

ಇದನ್ನು ಅವಳು ಅಜ್ಜಿಗೆ ಹೇಳಲಿಲ್ಲ, ನನ್ನನ್ನೇ ಕೇಳಿದಳು. "ಲೇ!" ಎಂದು ತಂದೆ ಗದರಿದರು.

"ಅಲ್ಲೇ ಇರ್ಬೇಕಾಯ್ತದೆ" ಎಂದೆ.

ಬಳೆಯ ಸದ್ದು ನಿಂತಿತು. "ಹಂಗಾದ್ರೆ ಒಂದ್ ಮೂಟೆ ರಾಗಿ ಸಾಲಕಿಲ್ಲ" ಎಂದಳು.

ಅಜ್ಜಿ ಬೊಚ್ಚುಬಾಯಲ್ಲಿ ನಗತೊಡಗಿದರು. ದೊಡ್ಡಪ್ಪನಿಗೂ ತಡೆಯಲಾಗಲಿಲ್ಲ. ಹುಡುಗಿಯ ತಂದೆ ಮಗಳನ್ನು ಬೈಯಲು ಒಳಗೆ ಹೋದವರು ವೀಳ್ಯದೆಲೆಯ ತಟ್ಟೆ ಹಿಡಿದುಕೊಂಡೇ ಹೊರಗೆ ಬಂದರು. ಆಗ ಕೊಳ್ಳೇಗಾಲ ಮದರಾಸು ಸೀಮೆ, ಯಳಂದೂರು ಮೈಸೂರು ಸೀಮೆ. ನಮ್ಮ ಕಡೆ ಪಾನನಿಷೇಧವಿದ್ದುದರಿಂದ ಹಿಂದಿರುಗುವಾಗ ಗಡಿಯಲ್ಲಿ ಪೋಲೀಸಿನವನು ಚೀಲ ಬಿಚ್ಚಿಸಿದ. ಒಳಗಿದ್ದ ಬೆಲ್ಲದಚ್ಚನ್ನು ಮುರಿದು ಅವನ ಬಾಯಿಗೂ ಒಂದು ತುಂಡು ಹಾಕಿ ದೊಡ್ಡಪ್ಪ ಬಸ್ಸು ಹತ್ತಿದರು. ಮರುದಿನ ಅಂಚೆ ಕಚೇರಿಯ ಬಾಗಿಲು ತೆಗೆಯುತ್ತಲೇ ತಂತಿ ಕೊಟ್ಟೆ.

ಅಸ್ಸಾಮಿನಲ್ಲಿ ನಮಗೆ ಸಿಕ್ಕಿದ್ದು ವಿಮಾನ ನಿಲ್ದಾಣದ ಹತ್ತಿರದ ತಗಡಿನ ಮನೆ. ಮಳೆ ಹಿಡಿದರೆ ಒಬ್ಬರ ಮಾತು ಒಬ್ಬರಿಗೆ ಕೇಳಿಸುತ್ತಿರಲಿಲ್ಲ. ನಾನು ನಸುಕಿನಲ್ಲಿ ಹೊರಟರೆ ಮಧ್ಯಾಹ್ನ ಬರುತ್ತಿದ್ದೆ. ನನ್ನ ವಿಮಾನ ಮನೆಯ ಮೇಲೆ ಹಾದ ಸದ್ದು ಕೇಳಿದ ಮೇಲೆಯೇ ಅವಳು ಮುದ್ದೆಗೆ ಎಸರಿಡುತ್ತಿದ್ದಳು. ಸಾಮಾನು ಇಳಿಸಿ, ಲೆಕ್ಕ ಒಪ್ಪಿಸಿ, ಕೈಕಾಲು ತೊಳೆದು ನಾನು ಮಣೆಯ ಮೇಲೆ ಕೂರುವ ಹೊತ್ತಿಗೆ ಮುದ್ದೆ ಹೊಗೆಯಾಡುತ್ತಿರುತ್ತಿತ್ತು. ಒಂದು ದಿನ ಮಾತ್ರ ಬೇರೆ ಯಾರದೋ ವಿಮಾನ ನನಗಿಂತ ಮುಂಚೆ ಮನೆಯ ಮೇಲೆ ಹಾದು ಇಳಿದಿತ್ತು. ನಾನು ಬಂದಾಗ ಮುದ್ದೆ ಆರಿ ಕಲ್ಲಾಗಿತ್ತು. ಅವಳು ಅದನ್ನು ತಟ್ಟೆಗಿಟ್ಟು, "ನಿಮ್ಗಿಂತ ಮುಂದಾದ್ರಲ್ಲ, ಅವ್ರ್ನೇ ಕೇಳಿ" ಎಂದಳು.