ಚಿಕ್ಕಣ್ಣನವರ ಕಾವಿನ ಪೆಟ್ಟಿಗೆ

ವಿಜಯನಗರದ ನಮ್ಮ ಬೀದಿಯಲ್ಲಿ ಅವರನ್ನು ಎಲ್ಲರೂ ಕರೆಯುವುದು ಚೆಕಿಂಗ್ ಚಿಕ್ಕಣ್ಣ ಎಂದೇ. ಬಸ್ಸುಗಳಲ್ಲಿ ಟಿಕೆಟ್ ತಪಾಸಣೆ ಮಾಡಿ ನಿವೃತ್ತರಾದವರು. ಟಿಕೆಟ್ ಇಲ್ಲದೆ ನಿದ್ದೆ ನಟಿಸುವವರನ್ನು ಅವರು ಬಾಗಿಲಿನಿಂದಲೇ ಗುರುತಿಸುತ್ತಿದ್ದರಂತೆ. ಕೆಲಸ ಮುಗಿದರೂ ಆ ಕಣ್ಣು ಹಾಗೆಯೇ ಉಳಿದಿದೆ. ಹಾಲಿನ ಪ್ಯಾಕೆಟ್ಟನ್ನು ಒತ್ತಿ ನೋಡದೆ ತೆಗೆದುಕೊಳ್ಳುವುದಿಲ್ಲ. ಶಾಲೆಯ ಮೇಷ್ಟ್ರಾಗಿ ಅವರ ಮಹಡಿಯಲ್ಲಿ ಬಾಡಿಗೆಗಿರುವ ನಾನು ಊರಿನಿಂದ ಚೀಲ ತಂದರೆ, ಅದರಲ್ಲೇನಿದೆ ಎಂದು ತಿಳಿದ ಮೇಲೆಯೇ ಮೆಟ್ಟಿಲು ಹತ್ತಲು ಬಿಡುತ್ತಾರೆ.

ಅವರ ಹೆಂಡತಿ ಅಂಬುಜಮ್ಮ ಹಿತ್ತಲಲ್ಲಿ ಒಂದು ನಾಟಿ ಕೋಳಿ ಸಾಕಿದ್ದರು. ಅಂಬುಜಮ್ಮನ ತಾಯಿ ಮದುವೆಯಲ್ಲಿ ಕೊಟ್ಟು ಕಳಿಸಿದ ಕೋಳಿಯ ಸಂತತಿಯಲ್ಲಿ ಉಳಿದದ್ದು ಅದೊಂದೇ. ಈ ಬೇಸಿಗೆಯಲ್ಲಿ ಅದು ಕಾವಿಗೆ ಕೂತಿದ್ದಾಗ ಬೀದಿನಾಯಿ ಹಿಡಿಯಿತು. ಕುಕ್ಕೆಯಲ್ಲಿ ಮೊಟ್ಟೆಗಳು ಇನ್ನೂ ಬೆಚ್ಚಗಿದ್ದವು. ಅಂಬುಜಮ್ಮ ಅವನ್ನು ಸೆರಗಿನಲ್ಲಿ ಸುತ್ತಿಕೊಂಡು ಕೂತರು.

"ಇವೂ ಹೋದ್ರೆ ನಮ್ಮವ್ವನ ಕೋಳಿ ತಳಿನೇ ಮುಗೀತು ಕಣ್ರೀ," ಎಂದರು.

ಚಿಕ್ಕಣ್ಣ ಎದ್ದು ಹೋದರು. ಮೀನಿನಂಗಡಿಯಿಂದ ಒಂದು ಥರ್ಮೋಕೋಲ್ ಡಬ್ಬ ತಂದು ಎರಡೆರಡು ಸಲ ತೊಳೆದರು. ಅಂಚಿನಲ್ಲಿ ಗಾಳಿಗೆ ತೂತು ಕೊರೆದು, ಒಳಗೆ ಬಲ್ಬು ತೂಗುಹಾಕಿ, ಒಂದು ಬಟ್ಟಲಲ್ಲಿ ನೀರಿಟ್ಟು, ತಳಕ್ಕೆ ಭತ್ತದ ಹೊಟ್ಟು ಹರಡಿದರು. ಮಿಕ್ಸಿ, ಫ್ಯಾನು ರಿಪೇರಿ ಮಾಡುವ ಸುದರ್ಶನ ಬಂದು ಥರ್ಮೋಸ್ಟ್ಯಾಟ್ ಜೋಡಿಸಿಕೊಟ್ಟ. ಅದರ ಸೆನ್ಸರ್ ತಂತಿ ಹೊಟ್ಟಿನ ಮೇಲೆ ಮೊಟ್ಟೆಗಳ ನಡುವೆ ಕೂತಿತು. ಒಳಗೆ ಮೂವತ್ತೇಳೂವರೆ ಡಿಗ್ರಿ ಆಗುತ್ತಿದ್ದಂತೆ ಬಲ್ಬು ತಾನೇ ಆರುತ್ತಿತ್ತು, ತಣ್ಣಗಾದರೆ ಹೊತ್ತಿಕೊಳ್ಳುತ್ತಿತ್ತು. ಕೋಳಿ ಮಾಡುವಂತೆಯೇ ಚಿಕ್ಕಣ್ಣ ದಿನಕ್ಕೆ ಹಲವು ಬಾರಿ ಮೊಟ್ಟೆಗಳನ್ನು ಹೊರಳಿಸುತ್ತಿದ್ದರು.

ಮೊದಲ ವಾರ ಎಲ್ಲ ಸರಿಯಾಗಿತ್ತು. ಆಮೇಲೊಂದು ಸಂಜೆ ಗುಡುಗಿ ಮಳೆ ಬಂತು. ಮಾರನೆಯ ದಿನ ಮೊಟ್ಟೆ ಹೊರಳಿಸುವಾಗ ಅವು ತಣ್ಣಗಿವೆ ಎನಿಸಿ ಚಿಕ್ಕಣ್ಣ ಬೇರೆ ಥರ್ಮಾಮೀಟರ್ ಇಟ್ಟು ನೋಡಿದರು. ಡಬ್ಬದ ಮೇಲಿನ ಥರ್ಮೋಸ್ಟ್ಯಾಟಿನ ಅಂಕಿ ಮೂವತ್ತೇಳೂವರೆ ಎನ್ನುತ್ತಿತ್ತು, ಥರ್ಮಾಮೀಟರ್ ಮೂವತ್ತನಾಲ್ಕು ತೋರಿಸಿತು.

ಅಂದಿನಿಂದ ತನಿಖೆ ಶುರುವಾಯಿತು. ಮೊದಲ ಸರದಿ ನನ್ನದು.

"ಮೇಷ್ಟ್ರೇ, ನಿನ್ನೆ ಮುಚ್ಚಳ ತೆಗ್ದಿದ್ರಾ?"

"ಇಲ್ಲ ಸಾರ್. ನಾನು ಅದನ್ನ ಮುಟ್ಟೇ ಇಲ್ಲ."

"ಮುಟ್ಟಿದವರೆಲ್ಲ ಮೊದಲು ಹೇಳೋದು ಅದನ್ನೇ."

ಆಮೇಲೆ ಪಕ್ಕದ ಮನೆಯ ಅನಂತಪದ್ಮನಾಭ ಅವರ ಮೇಲೆ ಕಣ್ಣು ಬಿತ್ತು. ಕೋಳಿ ತಮ್ಮ ತುಳಸಿ ಕೆದಕುತ್ತದೆ ಎಂದು ಅವರು ಹಿಂದೊಮ್ಮೆ ಗೊಣಗಿದ್ದರು. ಚಿಕ್ಕಣ್ಣ ಹಿತ್ತಲ ಬಾಗಿಲಿಗೆ ಹೊಸ ಬೀಗ ಹಾಕಿದರು. ಆದರೂ ಮೊಟ್ಟೆಗಳು ತಣ್ಣಗೇ ಇದ್ದವು. ಕೊನೆಗೆ ಸುದರ್ಶನನ ಅಂಗಡಿಗೆ ಹೋಗಿ, ಗಿರಾಕಿಗಳ ಎದುರಿಗೇ, ಹಳೆಯ ಸಾಮಾನು ತಗುಲಿಸಿ ಮೋಸ ಮಾಡಿದ್ದೀಯ ಎಂದುಬಿಟ್ಟರು.

ಸುದರ್ಶನ ಜಗಳವಾಡಲಿಲ್ಲ. ಅಂಗಡಿ ಬಾಗಿಲು ಎಳೆದುಕೊಂಡು ಅವರ ಹಿಂದೆಯೇ ಬಂದ.

"ಡಬ್ಬ ತೆಗೀರಿ ಸಾರ್. ನನ್ನ ಕೈ ಮೇಲೇ ಕಣ್ಣಿಟ್ಟಿರಿ, ಆಮೇಲೆ ಅದಕ್ಕೂ ಏನಾರ ಹೇಳ್ಬುಟ್ಟೀರ."

ಚಿಕ್ಕಣ್ಣ ನಿಜಕ್ಕೂ ಅವನ ಕೈಯನ್ನೇ ನೋಡುತ್ತ ನಿಂತರು. ಅಂಬುಜಮ್ಮ ಅಡುಗೆಮನೆಯ ಬಾಗಿಲಲ್ಲಿದ್ದರು. ಸುದರ್ಶನ ಸೆನ್ಸರಿನ ತುದಿ ಹಿಡಿದು ಎತ್ತಿ, ಅದು ಕೂತಿದ್ದ ಜಾಗದ ಹೊಟ್ಟನ್ನು ಬೆರಳಿನಿಂದ ಸರಿಸಿದ. ಕೆಳಗೆ ಒಂದು ಮುರಿದ ಕುಡುಗೋಲಿನ ತುಂಡಿತ್ತು. ಬಲ್ಬಿನ ನೇರಕ್ಕೆ ಬಿದ್ದಿದ್ದ ಆ ಕಬ್ಬಿಣ ಚೆನ್ನಾಗಿ ಕಾದಿತ್ತು. ಸೆನ್ಸರ್ ಅದರ ಬಿಸಿಯನ್ನೇ ಡಬ್ಬದ ಬಿಸಿ ಎಂದು ತಿಳಿದು ಬಲ್ಬನ್ನು ಬೇಗನೆ ಆರಿಸುತ್ತಿತ್ತು.

"ಇದನ್ನ ಯಾರು ಇಟ್ಟಿದ್ದು?" ಎಂದು ಚಿಕ್ಕಣ್ಣ ನನ್ನನ್ನೂ ಸುದರ್ಶನನನ್ನೂ ದುರುಗುಟ್ಟಿ ನೋಡಿದರು.

"ನಾನು," ಎಂದರು ಅಂಬುಜಮ್ಮ.

ನಮ್ಮ ಕಡೆ ಕೋಳಿಯನ್ನು ಕಾವಿಗೆ ಕೂರಿಸುವಾಗ ಕುಕ್ಕೆಯಲ್ಲಿ ಕಬ್ಬಿಣದ ಚೂರು ಇಡುತ್ತಾರೆ. ಇಡದಿದ್ದರೆ ಗುಡುಗಿಗೆ ಮೊಟ್ಟೆ ಕೆಡುತ್ತದೆ ಎಂಬ ನಂಬಿಕೆ. ನನ್ನ ಅಜ್ಜಿಯೂ ಇಡುತ್ತಿದ್ದಳು.

"ಗುಡುಗಿದ್ದು ನಿಮ್ಗೂ ಕೇಳಿಸ್ತಲ್ಲ. ಹೇಳಿದ್ರೆ ಬೇಡ ಅಂತಿದ್ರಿ, ಅದಕ್ಕೇ ಹೇಳ್ಲಿಲ್ಲ," ಎಂದರು ಅವರು. "ಸುದರ್ಶನ, ಒಂದ್ ಲೋಟ ಕಾಫಿ ಕುಡ್ಕೊಂಡು ಹೋಗಪ್ಪ."

"ಬೇಡ ಕಣಮ್ಮ. ಲೋಟ ಕಳೆದ್ರೆ ಅದೂ ನನ್ನ ಮೇಲೇ ಬರುತ್ತೆ," ಎಂದು ಸುದರ್ಶನ ಹೊರಟುಹೋದ. ಚಿಕ್ಕಣ್ಣ ಗೇಟಿನವರೆಗೂ ಅವನ ಜೊತೆ ನಡೆದರು. ಅಲ್ಲಿ ಏನು ಹೇಳಿದರೋ ಕೇಳಿಸಲಿಲ್ಲ.

ಕಬ್ಬಿಣ ತೆಗೆದ ಮೇಲೆ ಡಬ್ಬದ ಬಿಸಿ ಸರಿಹೋಯಿತು, ಆದರೆ ಮೊಟ್ಟೆ ಒಡೆದು ಮರಿ ಬರಬೇಕಿದ್ದ ದಿನ ಏನೂ ಆಗಲಿಲ್ಲ. ಮಾರನೆಯ ದಿನವೂ ಇಲ್ಲ. ಚಿಕ್ಕಣ್ಣ ಡಬ್ಬಕ್ಕೆ ಮೂಗು ಒಡ್ಡಿ, ವಾಸನೆ ಬರುತ್ತಿದೆ, ಎಲ್ಲ ಕೊಳೆತಿವೆ, ಹೂತುಬಿಡೋಣ ಎಂದರು. ಅಂಬುಜಮ್ಮ ಒಂದು ಮೊಟ್ಟೆ ಎತ್ತಿ ಕಿವಿಗೆ ಹಿಡಿದರು. ತುಂಬ ಹೊತ್ತು ಹಾಗೆಯೇ ನಿಂತಿದ್ದು ಅದನ್ನು ಗಂಡನಿಗೆ ಕೊಟ್ಟರು. ಅವರು ಕೇಳಿ ನನಗೆ ಕೊಟ್ಟರು.

"ಮೇಷ್ಟ್ರೇ, ನೀವೂ ಕೇಳಿ. ನಂಗೆ ಬರೀ ಭ್ರಮೆನೋ ಏನೋ."

ಒಳಗಿನಿಂದ ಸಣ್ಣಗೆ ಚಿಂವ್ ಎಂದಿತು.

ಚಿಕ್ಕಣ್ಣ ಮೊಟ್ಟೆಯನ್ನು ಒಳಗಿಟ್ಟು ಮುಚ್ಚಳ ಹಾಕಿ, ಡಬ್ಬದ ಪಕ್ಕ ಕುರ್ಚಿ ಎಳೆದುಕೊಂಡು ಕೂತರು. ಊಟವೂ ಅಲ್ಲೇ ಆಯಿತು. ಯಾರನ್ನೂ ಹತ್ತಿರ ಬಿಡಲಿಲ್ಲ. ಸಂಜೆ ಚಿಪ್ಪು ಬಿರಿಯುವ ಸದ್ದಾದಾಗ ಅಂಬುಜಮ್ಮ ಓಡಿಬಂದು ಮುಚ್ಚಳಕ್ಕೆ ಕೈ ಹಾಕಿದರು. ಚಿಕ್ಕಣ್ಣ ಅಡ್ಡ ಹಿಡಿದರು.

"ಮೊದ್ಲು ಕೈ ತೋರ್ಸು."

ಅಂಬುಜಮ್ಮ ಎರಡೂ ಅಂಗೈ ಬಿಡಿಸಿ ತೋರಿಸಿದರು. ಚಿಕ್ಕಣ್ಣ ತಿರುವಿ ನೋಡಿ, ಸೆರಗಿನ ಗಂಟನ್ನೂ ಮುಟ್ಟಿ ನೋಡಿ, ಆಮೇಲೆ ಜರುಗಿ ದಾರಿ ಬಿಟ್ಟರು.