ಊರು ಕೇಳದ ಗುರುಶಾಂತಪ್ಪ

ನನ್ನ ಅಕ್ಷರ ಕೋಳಿ ಕೆದರಿದ ಹಾಗಿದೆ, ಒಂಬತ್ತನೇ ಕ್ಲಾಸಿಗೇ ಶಾಲೆ ಬಿಟ್ಟವಳ ಮಾತೂ ಅಷ್ಟಕ್ಕಷ್ಟೇ; ದಯವಿಟ್ಟು ಹೊಂದಿಸಿಕೊಂಡು ಓದಿ. ಬೇಲೂರು ತಾಲ್ಲೂಕು ಕಚೇರಿ ಎದುರು ಅರ್ಜಿ ಬರೆಯುವ ಗುರುಶಾಂತಪ್ಪನವರು ಯಾರ ಊರನ್ನೂ ಕೇಳುವವರಲ್ಲ. ಎದುರಿಗೆ ಕೂತವರು ಬಾಯಿ ತೆರೆದರೆ ಸಾಕು, ಮಾತಿನ ಎಳೆತದಲ್ಲೇ ಬಸ್ತಿಹಳ್ಳಿಯೋ ಹಾರನಹಳ್ಳಿಯೋ ಎಂದು ಹಿಡಿದು, ಹೋಬಳಿ ಸಮೇತ ಬರೆದುಬಿಡುತ್ತಾರೆ. ಬರೆಯುವಾಗ ಬಾಯಲ್ಲೊಂದು ಚೂರು ಕೊಬ್ಬರಿ ಇರಲೇಬೇಕು. "ಗೊತ್ತಿರೋದನ್ನ ಕೇಳಿದ್ರೆ ಅರ್ಜಿಗೇ ಅವಮಾನ ಕಣವ್ವ" ಎನ್ನುತ್ತಾರೆ. ಹೊಯ್ಸಳ ರಾಜರೇ ಪಹಣಿ ತಿದ್ದಿಸಲು ಬಂದರೂ, ಕೇಳದೆಯೇ "ಹಳೇಬೀಡು ಹೋಬಳಿ" ಎಂದು ಬರೆದಾರು. ಮೊನ್ನೆ ನನ್ನ ಗೆಳತಿ ಸರಿತಾ, ಜಪಾನಿಗೆ ಓದಲು ಹೋಗುವ ವೀಸಾಕ್ಕೆ ಇಲ್ಲಿಂದಲೇ ಹಾಕುವ ಅರ್ಜಿಯನ್ನು ಅವರಿಂದ ಬರೆಸಿದಳು. ಅವಳಪ್ಪ ಹಳೇಬೀಡಿನ ಹೋಟೆಲಿನಲ್ಲಿ ಅಡುಗೆಯವರು. ಅರ್ಜಿಯನ್ನು ಅವಳ ಪಾಸ್‌ಪೋರ್ಟ್ ಪಕ್ಕ ಇಟ್ಟು ನಾನು ನೋಡಿದೆ. ಅರ್ಜಿಯಲ್ಲಿ ಪೌರತ್ವ: ಭಾರತ! "ತಾತ, ನಾನು ನೇಪಾಳದವಳು. ಹಿಂಗೇ ಕೊಟ್ರೆ ವೀಸಾ ಸಿಗಲ್ಲ" ಎಂದಳು ಸರಿತಾ. ತಾತನ ಬಾಯಿಂದ ಕೊಬ್ಬರಿ ಜಾರಿತು. "ಏನಂದೆ? ಒಂದನೇ ಕ್ಲಾಸಿಗೆ ನಿನ್ನ ಸೇರಿಸೋ ಅರ್ಜಿ ಬರೆದೋನೇ ನಾನಲ್ವೇನವ್ವ! ನೀನು ಹೆಂಗೆ ಬೇರೆ ದೇಶದೋಳಾಗ್ತೀಯ?" ದಂಗಾಗಿ ಪೆನ್ನು ಕೆಳಗಿಟ್ಟರು. ಆಮೇಲೆ, ನಾನು ಕಂಡಂತೆ ಮೊದಲ ಸಲ, ಕೇಳಿದರು: "ನಿಮ್ಮೂರು ಯಾವುದು ತಾಯಿ?" ಅವಳು ಹೇಳಿದ ಹೆಸರನ್ನು ಮೂರು ಸಲ ತಿರುಗಿ ಹೇಳಿಸಿಕೊಂಡರು. ನಾಳೆ ಹತ್ತು ಗಂಟೆಗೆ ನಾನು ಹೊಸ ಫಾರಂ ತೆಗೆದುಕೊಂಡು ಹೋಗಿ, ಪಾಸ್‌ಪೋರ್ಟ್ ನೋಡಿ ಒಂದೊಂದೇ ಅಕ್ಷರ ಓದಿ ಹೇಳಿ ಅವರಿಂದಲೇ ಬರೆಸುತ್ತೇನೆ.